ಮಡ್‌ಗಾರ್ಡಿನೊಳಗಿನ ಹೊಳೆವ ಗೆರೆ

ದೋಣಿಗಲ್

ಸಕಲೇಶಪುರದ ನನ್ನ ಟೈರ್ ಅಂಗಡಿಗೆ ಗಾಳಿ ಹೊಡೆಸಲು ಯಾರೇ ಬಂದರೂ ನಾನು ಮೊದಲು ಕೇಳುವುದು ಒಂದೇ ಮಾತು: ಇಳಿತೀರೋ, ಹತ್ತೀರೋ? ಮಂಗಳೂರಿನ ಕಡೆ ಘಾಟಿ ಇಳಿಯುವವರಾದರೆ ಎರಡು ಪೌಂಡು ಕಮ್ಮಿ, ಹಾಸನದ ಕಡೆ ಹೋಗುವವರಾದರೆ ಸರಿಯಾದ ಲೆಕ್ಕ. ಕೆಳಗೆ ಸೆಕೆ, ಮೇಲಾಗಿ ಬ್ರೇಕಿನ ಬಿಸಿ, ಟೈರಿನೊಳಗಿನ ಗಾಳಿ ತಾನಾಗಿ ಉಬ್ಬುತ್ತದೆ ಎಂದು ನಮ್ಮ ಅಬ್ಬಾ ಹೇಳಿಕೊಟ್ಟ ಪಾಠ ಅದು. ಪುಸ್ತಕದ ಪ್ರಕಾರ ಸರಿಯೋ ತಪ್ಪೋ ನನಗೆ ಗೊತ್ತಿಲ್ಲ. ನಲವತ್ತು ವರ್ಷದಿಂದ ನಮ್ಮ ಅಂಗಡಿಯಲ್ಲಿ ಹಾಗೇ ನಡೆದುಬಂದಿದೆ.

ಮೊದಲ ಬಾರಿಗೆ ಆ ಪ್ರಶ್ನೆಗೆ ನಾನೇ ಉತ್ತರ ಹೇಳುವ ದಿನ ಬಂತು. ರಂಜಾನ್ ಹಬ್ಬ ಕಳೆದ ಮರುವಾರ ನಾನು ಇಳಿದೆ. ಮಂಗಳೂರಿಗಷ್ಟೇ ಅಲ್ಲ, ಅಲ್ಲಿಂದ ವಿಮಾನ ಹತ್ತಿ ದುಬೈಗೆ. ನಲವತ್ತೆಂಟು ವರ್ಷದ ಇಸ್ಮಾಯಿಲ್ ಎಂಬ ಟೈರಿನವನಿಗೆ ದುಬೈನಲ್ಲಿ ಏನು ಕೆಲಸ ಎಂದು ಬಸ್‌ಸ್ಟ್ಯಾಂಡಿನಲ್ಲಿ ಅರ್ಧ ಊರು ಕೇಳಿತು. ಕೆಲಸ ನನ್ನದಲ್ಲ, ಕಾವ್ಯಳದ್ದು.

ಕಾವ್ಯ ಬೆಳಗೋಡಿನ ಧರ್ಮೇಗೌಡರ ಒಬ್ಬಳೇ ಮಗಳು. ಕಾಫಿ, ಮೆಣಸು, ಒಂದಿಷ್ಟು ಗದ್ದೆ ಇರುವ ಮನೆ. ತೋಟದ ಜೀಪಿನಲ್ಲಿ ಗೇರ್ ಕಲಿತ ಹುಡುಗಿ ಮುಂದೆ ತನ್ನದೇ ಒಂದು ಸಣ್ಣ ಕಾರು ತಗೊಂಡು ಟ್ರ್ಯಾಕಿನಲ್ಲಿ ಓಡಿಸಲು ಶುರು ಮಾಡಿದಳು. ಚೆನ್ನಾಗಿಯೇ ಓಡಿಸುತ್ತಿದ್ದಳು. ಹೋದ ವರ್ಷ ತಮಿಳುನಾಡಿನ ಟ್ರ್ಯಾಕೊಂದರಲ್ಲಿ, ಉದ್ದನೆಯ ತಿರುವಿನಲ್ಲಿ, ಮುಂದಿನ ಟೈರ್ ಒಡೆದು ಕಾರು ಗೋಡೆಗೆ ಹೋಗಿ ಬಡಿಯಿತು. ಬಲಗೈ ಮುರಿಯಿತು. ಗೌಡರು ಕಾರನ್ನು ರಿಪೇರಿ ಮಾಡಿಸಿ ತಂದು, ಕಾಫಿ ಸ್ಟೋರಿನಲ್ಲಿ ಟಾರ್ಪಾಲಿನ ಕೆಳಗೆ ನಿಲ್ಲಿಸಿ, ಕೀಲಿ ತಮ್ಮ ಬೀರುವಿನಲ್ಲಿ ಇಟ್ಟುಕೊಂಡರು. ಹುಡುಗಿ ಕಣ್ಣುಮುಚ್ಚಿ ಜೋರಾಗಿ ಹೊಡೆದು ಬಿದ್ದಳು ಎಂಬುದು ಅವರ ತೀರ್ಮಾನ. ಊರಿನದ್ದೂ ಅದೇ.

ಈಗ ದುಬೈ ಹೊರಗಿನ ಟ್ರ್ಯಾಕಿನಲ್ಲಿ ಒಂದು ರೇಸ್ ತಂಡ ಮೂರು ದಿನ ಪರೀಕ್ಷೆ ಇಟ್ಟು, ಆರು ಜನರಲ್ಲಿ ಒಬ್ಬರನ್ನು ಒಂದು ವರ್ಷಕ್ಕೆ ಆರಿಸಿಕೊಳ್ಳುತ್ತದೆ ಎಂದು ಕಾವ್ಯಳಿಗೆ ಕರೆ ಬಂದಿತ್ತು. ಗೌಡರು ಎರಡು ಷರತ್ತು ಹಾಕಿದರು. ಅಲ್ಲಿ ಆಯ್ಕೆಯಾಗದಿದ್ದರೆ ಟಾರ್ಪಾಲಿನ ಕೆಳಗಿನ ಕಾರನ್ನು ಹಾಸನದವರೊಬ್ಬರಿಗೆ ಮಾರಿಬಿಡುವುದು, ಅಲ್ಲಿಗೆ ಈ ಹುಚ್ಚು ಮುಗಿಯಿತು. ಇನ್ನೊಂದು, ಜೊತೆಗೆ ಇಸ್ಮಾಯಿಲ್ ಹೋಗಬೇಕು. ನನ್ನ ತಂಗಿ ಜೊಹರಾ ಶಾರ್ಜಾದಲ್ಲಿದ್ದಾಳೆ, ಉಳಿಯುವುದಕ್ಕೆ ಮನೆ ಆಯಿತು. ಟೈರ್ ವಿಷಯದಲ್ಲಿ ನನ್ನಷ್ಟು ನಂಬಿಕಸ್ಥ ಇಲ್ಲ ಎಂದು ಗೌಡರು ನಾಲ್ಕು ಜನರ ಎದುರಿಗೇ ಹೇಳಿದರು. ಆ ಮಾತು ಕೇಳಿ ನಾನು ಕುಡಿಯುತ್ತಿದ್ದ ಕಾಫಿಯನ್ನು ಅರ್ಧಕ್ಕೇ ಇಟ್ಟು ಎದ್ದೆ. ಯಾಕೆಂದು ಮುಂದೆ ಹೇಳುತ್ತೇನೆ.

ಹೊರಟ ದಿನ, ಘಾಟಿ ಇಳಿಯುವ ಮೊದಲು ಸಿಗುವ ದೋಣಿಗಲ್‌ನಲ್ಲಿ ಟೀ ಕುಡಿಯಲು ನಿಲ್ಲಿಸಿದೆವು. ಘಾಟಿ ಹತ್ತಿ ಬಂದ ಲಾರಿಯವನೊಬ್ಬ ಇಳಿದವನೇ ಮುಂಗೈಯನ್ನು ಟೈರಿಗೆ ತಾಗಿಸಿ ಬಿಸಿ ನೋಡಿದ. ನಮ್ಮ ಕಡೆ ಎಲ್ಲರೂ ಮಾಡುವುದು ಹಾಗೆಯೇ. ಅಂಗೈಯಲ್ಲಿ ಮುಟ್ಟಿದರೆ ಕೆಲಸ ಮಾಡಿ ಜಡ್ಡುಗಟ್ಟಿದ ಚರ್ಮಕ್ಕೆ ಏನೂ ತಿಳಿಯುವುದಿಲ್ಲ.

ಮಂಗಳೂರು ವಿಮಾನ ನಿಲ್ದಾಣ

ಅಬ್ಬಾನ ಹಿತ್ತಾಳೆ ಗೇಜನ್ನು ಕೈಚೀಲದಲ್ಲಿ ಇಟ್ಟುಕೊಂಡಿದ್ದೆ. ಗಾಳಿಯ ಒತ್ತಡ ಅಳೆಯುವ ಆ ಗೇಜು ನೋಡಲು ಒಂದು ಗೇಣುದ್ದ, ದಪ್ಪ ಪೆನ್ನಿನಂತಿದೆ. ತಪಾಸಣೆಯ ಯಂತ್ರ ಅದನ್ನು ಕಂಡು ಕೂಗಿಕೊಂಡಿತು. ಒಬ್ಬ ಅಧಿಕಾರಿ ಬಂದರು, ಆಮೇಲೆ ಇಬ್ಬರಾದರು. ಇದೇನು ಎಂದರು. ಟೈರಿನ ಗಾಳಿ ನೋಡುವುದು ಎಂದೆ. ವಿಮಾನದ ಟೈರಿಗೆ ಗಾಳಿ ನೋಡೋಕೆ ಹೊರಟಿರಾ ಎಂದು ಕೇಳಿದರು. ನಗುವುದೋ ಬಿಡುವುದೋ ತಿಳಿಯದೆ ನಿಂತೆ. ಕಾವ್ಯ ವಿವರಿಸಿ ಹೇಳಿದ ಮೇಲೆ, ಅದನ್ನು ದೊಡ್ಡ ಸೂಟ್‌ಕೇಸಿಗೆ ಹಾಕಿ ಕಳಿಸಲು ಒಪ್ಪಿದರು. ಅವರಲ್ಲಿ ವಯಸ್ಸಾದವರು ಮಾತ್ರ ನನ್ನನ್ನು ಪಕ್ಕಕ್ಕೆ ಕರೆದು, ತಮ್ಮ ಕಾರಿನ ಮುಂದಿನ ಟೈರುಗಳು ಒಳಗಡೆಯೇ ಹೆಚ್ಚು ಸವೆಯುವುದೇಕೆ ಎಂದು ಕೇಳಿದರು. ಅಲೈನ್‌ಮೆಂಟ್ ಮಾಡಿಸಿ ಸಾರ್ ಎಂದೆ. ಎಲ್ಲಿಗೆ ಹೋದರೂ ಜಾತಕ ಕೇಳುವವರು ಜೋಯಿಸರನ್ನು ಬಿಡುವುದಿಲ್ಲ, ಟೈರಿನವನನ್ನೂ ಬಿಡುವುದಿಲ್ಲ.

ಶಾರ್ಜಾ

ಜೊಹರಾಳ ಮನೆಯ ಕೆಳಗೊಂದು ಟೀ ಅಂಗಡಿ. ಬೆಳಗ್ಗೆ ಎದ್ದವನೇ ಹೋಗಿ ಬಾಗಿಲಲ್ಲಿ ನಿಂತು ಒಂದು ಟೀ ಕೇಳಿದೆ. ಅಂಗಡಿಯ ಮಲಯಾಳಿ ಯಜಮಾನ ನನ್ನ ಹಿಂದೆ, ಅಕ್ಕಪಕ್ಕ ನೋಡಿ, ಗಾಡಿ ಎಲ್ಲಿ ಎಂದ. ಗಾಡಿ ಇಲ್ಲ, ನಡೆದು ಬಂದೆ ಎಂದರೆ ಅವನಿಗೆ ಅಯ್ಯೋ ಎನಿಸಿತು. ಅಲ್ಲಿ ಟೀಗೆ ಯಾರೂ ಇಳಿದು ಬರುವುದಿಲ್ಲ. ಅಂಗಡಿ ಮುಂದೆ ಕಾರು ನಿಲ್ಲಿಸಿ ಒಂದು ಸಲ ಹಾರನ್ ಹೊಡೆದರೆ ಲೋಟ ಕಾರಿನ ಕಿಟಕಿಗೇ ಬರುತ್ತದೆ. ಬೆಳಗಿನ ಹೊತ್ತು ಆ ಬೀದಿಯಲ್ಲಿ ಹಾರನ್ನಿನ ಸದ್ದು ಕೇಳಿ ನಾನು ಟ್ರಾಫಿಕ್ ಜಾಮ್ ಎಂದುಕೊಂಡಿದ್ದೆ, ಪೂರಾ ಟೀಯ ಆರ್ಡರು. ನಮ್ಮ ಊರಿನಲ್ಲಿ ಹೀಗೆ ಹಾರನ್ ಹೊಡೆದರೆ ಹೋಟೆಲಿನವನು ಟೀ ತರುವ ಬದಲು ದೊಣ್ಣೆ ತರುತ್ತಾನೆ.

ಅಂದು ಸಂಜೆ ಜೊಹರಾಳ ಗಂಡ ನಮ್ಮನ್ನು ಮರಳುದಿಬ್ಬಗಳ ಅಂಚಿಗೆ ಕರೆದೊಯ್ದರು. ಡಾಂಬರು ಮುಗಿದು ಮರಳು ಶುರುವಾಗುವ ಕಡೆ ದೊಡ್ಡ ದೊಡ್ಡ ಗಾಡಿಗಳು ಸಾಲಾಗಿ ನಿಂತಿದ್ದವು. ಒಬ್ಬೊಬ್ಬರೂ ಕುಕ್ಕರುಗಾಲಿನಲ್ಲಿ ಕೂತು ತಮ್ಮ ಟೈರಿನ ಗಾಳಿ ಬಿಡುತ್ತಿದ್ದರು. ಅರ್ಧಕ್ಕೂ ಕಮ್ಮಿ ಆಗುವವರೆಗೆ! ಸುಸ್ ಎಂಬ ಸದ್ದು ಕೇಳಿ ನನ್ನ ಕೈ ಸುಮ್ಮನಿರಲಾರದೆ ಚಡಪಡಿಸಿತು. ಜೀವಮಾನವೆಲ್ಲ ಗಾಳಿ ತುಂಬಿದವನು ನಾನು. ಗಾಳಿ ಇಳಿದ ಟೈರು ಅಗಲವಾಗಿ ಹರಡಿ ಮರಳಿನ ಮೇಲೆ ತೇಲುತ್ತದಂತೆ. ವಾಪಸ್ ಬಂದು ಮತ್ತೆ ತುಂಬಿಸಿಕೊಳ್ಳಲು ಅಲ್ಲೇ ಅಂಗಡಿ ಸಾಲಿದೆ. ಇಳಿತೀರೋ ಹತ್ತೀರೋ ಎಂದು ಕೇಳುವ ಊರು ನಮ್ಮದೊಂದೇ ಅಲ್ಲ ಎಂದು ಕಾವ್ಯ ನಕ್ಕಳು. ಕೈ ಮುರಿದ ಮೇಲೆ ಅವಳು ಮನಸಾರೆ ನಕ್ಕಿದ್ದನ್ನು ನಾನು ನೋಡಿದ್ದು ಅದೇ ಮೊದಲು. ನನಗೆ ಖುಷಿಯಾಗಬೇಕಿತ್ತು. ಆಗಲಿಲ್ಲ.

ಟ್ರ್ಯಾಕ್, ಮೊದಲ ದಿನ

ಟ್ರ್ಯಾಕು ಎಂದರೆ ನಾನು ಏನೋ ಕೋಟೆಯಂತಿರುತ್ತದೆ ಎಂದುಕೊಂಡಿದ್ದೆ. ಮರಳಿನ ನಡುವೆ ಕರಿ ಪಟ್ಟಿ ಸುತ್ತಿ ಹಾಕಿದಂತಿತ್ತು, ಅಷ್ಟೇ. ಒಂದೂ ಗುಂಡಿ ಇಲ್ಲ. ಶಿರಾಡಿ ಘಾಟಿಯ ರಸ್ತೆ ನೋಡಿದ ಕಣ್ಣಿಗೆ ಅದನ್ನು ರಸ್ತೆ ಎಂದು ಒಪ್ಪಿಕೊಳ್ಳಲು ಅರ್ಧ ದಿನ ಬೇಕಾಯಿತು.

ಆರು ಜನಕ್ಕೆ ಆರು ಕಾರು, ಎಲ್ಲವೂ ಒಂದೇ ಬಗೆಯವು: ಎರಡೇ ಸೀಟಿನ, ಹಗುರವಾದ, ಹಿಂದಿನ ಗಾಲಿಗೆ ಎಂಜಿನ್ನಿನ ಶಕ್ತಿ ಹೋಗುವ ಪುಟ್ಟ ಗಾಡಿ. ಪ್ರತಿ ಕಾರಿಗೂ ಮೂರು ಸೆಟ್ ಗಾಲಿ ಇಟ್ಟಿದ್ದರು. ಎರಡು ದಿನ ಮೂರನ್ನೂ ಓಡಿಸಿ ನೋಡಬಹುದು. ಮೂರನೆಯ ದಿನದ ಹನ್ನೆರಡು ಸುತ್ತಿಗೆ ಒಂದು ಸೆಟ್ಟನ್ನು ತಾವೇ ಆರಿಸಿಕೊಳ್ಳಬೇಕು. ಆಯ್ಕೆ ಯಾಕೆ ಮಾಡಿದೆ ಎಂದು ಕೇಳಿದರೆ ಹೇಳಲೂಬೇಕು. ಓಡಿಸುವುದು ಎಷ್ಟು ಮುಖ್ಯವೋ ಗಾಲಿ ಆರಿಸುವುದೂ ಅಷ್ಟೇ ಮುಖ್ಯ ಎಂಬುದು ಆ ತಂಡದವರ ಲೆಕ್ಕ.

ಗಾಲಿಗಳ ಉಸ್ತುವಾರಿ ಪೇಶಾವರ ಕಡೆಯ ಒಬ್ಬ ಪಠಾಣರದು. ನನಗಿಂತ ಹತ್ತು ವರ್ಷ ದೊಡ್ಡವರು, ಎಲ್ಲರೂ ಖಾನ್ ಸಾಹೇಬ್ ಎನ್ನುತ್ತಿದ್ದರು. ನನ್ನ ಸಕಲೇಶಪುರದ ಉರ್ದು ಕೇಳಿ ಹೊಟ್ಟೆ ಹಿಡಿದುಕೊಂಡು ನಕ್ಕರು. ಬೇಡ ಎನ್ನುವುದಕ್ಕೆ ನಾನು ನಮ್ಮ ಕಡೆಯ ಹಾಗೆ ‘ನಕ್ಕೋ’ ಎಂದಾಗಲೆಲ್ಲ ಅವರು ಪಕ್ಕದವರನ್ನು ಕರೆದು ಇನ್ನೊಮ್ಮೆ ಹೇಳಿಸಿದರು. ನಗಲಿ ಬಿಡಿ, ಕಲಿಸುವವರು ನಕ್ಕರೆ ತಪ್ಪಿಲ್ಲ.

ಟೈರಿನ ಮೇಲೆ ಬರೆದ ಅಳತೆಯನ್ನು ನೀವು ನೋಡಿರುತ್ತೀರಿ. ಉದಾಹರಣೆಗೆ 205/50 R16. ಮೊದಲನೆಯದು ಟೈರಿನ ಅಗಲ, ಮಿಲಿಮೀಟರಿನಲ್ಲಿ. ಎರಡನೆಯದು ಪಕ್ಕದ ಗೋಡೆಯ ಎತ್ತರ, ಆ ಅಗಲದಲ್ಲಿ ನೂರಕ್ಕೆ ಇಷ್ಟು ಎಂದು. ಕೊನೆಯದು ಒಳಗೆ ಕೂರುವ ಗಾಲಿಯ ಅಡ್ಡಳತೆ, ಇಂಚಿನಲ್ಲಿ. ಒಂದೇ ಸಾಲಿನಲ್ಲಿ ಮೂರು ಬಗೆಯ ಲೆಕ್ಕ ಇಟ್ಟ ಪುಣ್ಯಾತ್ಮ ಯಾರೋ ಕಾಣೆ. ಇಲ್ಲಿಯ ಒಂದನೇ ಸೆಟ್ಟು ಅದೇ, ಕಾರಿನ ಜೊತೆಗೇ ಬಂದ ಹದಿನಾರು ಇಂಚಿನದು. ಎರಡನೆಯದೂ ಹದಿನಾರೇ, ಆದರೆ ಗಾಲಿ ಅಗಲ, ಟೈರು 225/45. ಮೂರನೆಯದು ಹದಿನೇಳು ಇಂಚು, 245/40. ನೋಡಿದರೆ ಕಣ್ಣು ತುಂಬುವಂಥದ್ದು.

ನಮ್ಮಲ್ಲಿ ಗಾಲಿ ದೊಡ್ಡದಾದಷ್ಟೂ ಗಾಡಿಗೆ ಕಳೆ. ಹದಿನೈದರ ಜಾಗಕ್ಕೆ ಹದಿನೇಳು ಹಾಕಿಸಿಕೊಂಡು, ಫೋಟೋ ತೆಗೆಸಿಕೊಂಡು ಹೋಗುವವರೇ ಜಾಸ್ತಿ. ಖಾನ್ ಸಾಹೇಬರ ಲೆಕ್ಕ ಉಲ್ಟಾ. ಒಳಗಿನ ಬ್ರೇಕಿಗೆ ತಾಗದೆ ಕೂರುವ ಗಾಲಿಗಳಲ್ಲಿ ಎಲ್ಲಕ್ಕಿಂತ ಚಿಕ್ಕದು ಯಾವುದೋ ಅಲ್ಲಿಂದ ಶುರು ಮಾಡು ಎಂದರು. ಗಾಲಿ ದೊಡ್ಡದಾದರೆ ತೂಕ ಹೆಚ್ಚು, ತಿರುಗಿಸಲು ಎಂಜಿನ್ನು ಹೆಚ್ಚು ತಿಣುಕಬೇಕು, ಬ್ರೇಕೂ ಹೆಚ್ಚು ತಿಣುಕಬೇಕು. ಟೈರಿನ ಒಟ್ಟು ಎತ್ತರ ಹೆಚ್ಚಿದರೆ ಅದೇ ಗೇರಿನಲ್ಲಿ ಗಾಡಿ ಎದ್ದು ಹೋಗುವುದು ನಿಧಾನವಾಗುತ್ತದೆ. ಅಗಲವಾದ ಟೈರನ್ನು ಕಿರಿದಾದ ಗಾಲಿಗೆ ಹಾಕಿದರೆ ಬಾಯಿ ಬಿಗಿದ ಗೋಣಿಚೀಲದಂತೆ ಪಕ್ಕ ಉಬ್ಬಿ ತಿರುವಿನಲ್ಲಿ ತೂಗಾಡುತ್ತದೆ. ಅಗಲ ಟೈರಿಗೆ ಅಗಲ ಗಾಲಿಯೇ ಬೇಕು, ಆ ಅಗಲ ಗಾಲಿಗೆ ಗಾಡಿಯಲ್ಲಿ ಜಾಗ ಇರಬೇಕು. ನಾನು ಇಪ್ಪತ್ತೈದು ವರ್ಷದಿಂದ ಮಾಡುತ್ತಿರುವ ಕಸುಬು. ಆದರೂ ಮೊದಲ ದಿನ ಸ್ಕೂಲಿಗೆ ಹೋದವನಂತೆ ಕೇಳುತ್ತಾ ಕೂತೆ.

ಒಂದು ವಿಷಯದಲ್ಲಿ ಮಾತ್ರ ನನ್ನ ಮರ್ಯಾದೆ ಉಳಿಯಿತು. ಕಾರು ಒಳಬಂದ ಕೂಡಲೆ ಖಾನ್ ಸಾಹೇಬರು ಸೂಜಿಯಂಥ ಥರ್ಮಾಮೀಟರನ್ನು ಟೈರಿಗೆ ಮೂರು ಕಡೆ ಚುಚ್ಚಿ ಬಿಸಿ ನೋಡುತ್ತಾರೆ: ಒಳಗಂಚು, ನಡು, ಹೊರಗಂಚು. ನಡು ಹೆಚ್ಚು ಬಿಸಿಯಾದರೆ ಗಾಳಿ ಹೆಚ್ಚಾಗಿದೆ, ಅಂಚುಗಳು ಬಿಸಿಯಾದರೆ ಕಮ್ಮಿಯಾಗಿದೆ. ಅವರು ಸೂಜಿ ತೆಗೆಯುವ ಮೊದಲೇ ನಾನು ದೋಣಿಗಲ್‌ನವರ ಹಾಗೆ ಮುಂಗೈ ತಾಗಿಸಿ, ನಡು ಎಂದೆ. ಸೂಜಿಯೂ ನಡು ಎಂದಿತು. ನಾಲ್ಕು ಟೈರಲ್ಲಿ ಮೂರಕ್ಕೆ ನನ್ನ ಕೈ ಸರಿ ಹೇಳಿತು. ಆಮೇಲೆ ಅವರು ನನ್ನ ಉರ್ದುವಿಗೆ ಸ್ವಲ್ಪ ಕಮ್ಮಿ ನಕ್ಕರು.

ಎರಡನೆಯ ದಿನ

ಒಂದನೇ ಸೆಟ್ಟಿನಲ್ಲಿ ಕಾರು ಕರೆದರೆ ತಡವಾಗಿ ಓಗೊಡುತ್ತದೆ ಎಂದಳು ಕಾವ್ಯ. ಸ್ಟಿಯರಿಂಗ್ ತಿರುಗಿಸಿದ ಮೇಲೆ ಒಂದು ಕ್ಷಣ ಬಿಟ್ಟು ಮೂತಿ ತಿರುಗುತ್ತದಂತೆ. ಎರಡನೆಯದು ಚೆನ್ನಾಗಿದೆ, ಹೇಳಿದ ಮಾತು ಕೇಳುತ್ತದೆ. ಮೂರನೆಯದು ಹಾಕಿದಾಗ ಅವಳ ಮುಖವೇ ಬದಲಾಯಿತು. ತಿರುವಿನಲ್ಲಿ ನೆಲ ಕಚ್ಚಿ ಹಿಡಿದಂತಿದೆ, ಇನ್ನೂ ಜೋರಾಗಿ ಹೋಗಬಹುದು ಎನ್ನಿಸುತ್ತದೆ ಎಂದಳು. ಸಮಯವೂ ಅದನ್ನೇ ಹೇಳಿತು. ಆರು ಜನರಲ್ಲಿ ಅವಳೇ ಮುಂದೆ. ಎರಡನೇ ಸ್ಥಾನದಲ್ಲಿ ಒಮಾನ್ ದೇಶದ ಒಬ್ಬ ಹುಡುಗ, ಅವನೂ ಮೂರನೇ ಸೆಟ್ಟಿನಲ್ಲೇ.

ಮಧ್ಯಾಹ್ನ ಕಾರನ್ನು ಎತ್ತಿ ಗಾಲಿ ಬಿಚ್ಚಿದರು. ನಾನು ಅಭ್ಯಾಸಬಲದಿಂದ ಟಾರ್ಚ್ ಹಿಡಿದು ಮುಂದಿನ ಎಡ ಮಡ್‌ಗಾರ್ಡಿನೊಳಗೆ ನೋಡಿದೆ. ಅಂಚಿನಲ್ಲಿ, ಬೆರಳುದ್ದಕ್ಕೆ, ಉಗುರಿನಷ್ಟು ಅಗಲಕ್ಕೆ, ಒಂದು ಹೊಳೆಯುವ ಗೆರೆ ಇತ್ತು.

ಅಂಥದ್ದೇ ಗೆರೆಯನ್ನು ನಾನು ಮೊದಲೊಮ್ಮೆ ನೋಡಿದ್ದೆ.

ಇನ್ನು ಹೇಳಿಬಿಡುತ್ತೇನೆ. ಹೋದ ವರ್ಷ ಕಾವ್ಯಳ ಕಾರಿಗೆ ಹದಿನೈದು ಇಂಚು ತೆಗೆದು ಹದಿನೇಳು ಇಂಚು ಹಾಕಿದವನು ನಾನು. ಚೆಂದ ಕಾಣುತ್ತದೆ ಹಾಕಿಸು ಎಂದವನೂ ನಾನೇ. ಅವಳು ತಮಿಳುನಾಡಿಗೆ ಹೊರಡುವ ಹಿಂದಿನ ದಿನ ಅಲೈನ್‌ಮೆಂಟ್ ಮಾಡುವಾಗ ಮಡ್‌ಗಾರ್ಡಿನೊಳಗೆ ಇಂಥದ್ದೇ ಗೆರೆ ಕಂಡಿತ್ತು. ಟೈರು ಎಲ್ಲೋ ಉಜ್ಜುತ್ತಿದೆ ಎಂದು ಅರ್ಥ. ನಮ್ಮ ಎಸ್ಟೇಟ್ ಜೀಪುಗಳಿಗೆಲ್ಲ ಅಳತೆ ಮೀರಿದ ದೊಡ್ಡ ಟೈರು ಹಾಕುತ್ತೇವೆ, ಎಲ್ಲವೂ ಉಜ್ಜುತ್ತವೆ. ಹದಿನೈದು ದಿನ ಓಡಲಿ, ಸವೆದು ತಾನೇ ಜಾಗ ಮಾಡಿಕೊಳ್ಳುತ್ತದೆ ಎನ್ನುತ್ತೇವೆ. ಹಾಗೇ ಆಗುತ್ತದೆ ಕೂಡ, ಜೀಪು ಕೆಸರಿನಲ್ಲಿ ತೆವಳುವ ಗಾಡಿ ತಾನೇ. ಅವತ್ತೂ ನಾನು ಹಾಗೇ ಎಂದುಕೊಂಡು ಸುಮ್ಮನಾದೆ. ಟ್ರ್ಯಾಕಿನ ಉದ್ದನೆ ತಿರುವಿನಲ್ಲಿ, ಗಾಡಿಯ ಭಾರವೆಲ್ಲ ಒಂದೇ ಟೈರಿನ ಮೇಲೆ ಬಿದ್ದು, ಉಜ್ಜಿ ಉಜ್ಜಿ, ಮಡ್‌ಗಾರ್ಡು ಜಾಗ ಮಾಡಿಕೊಡಲಿಲ್ಲ, ಟೈರೇ ಕತ್ತರಿಸಿಹೋಯಿತು. ಒಡೆದ ಟೈರು ನನ್ನ ಅಂಗಡಿಗೇ ಬಂತು. ಪಕ್ಕದಲ್ಲಿ ಚಾಕುವಿನಿಂದ ಗೀರಿದಂತೆ ಸುತ್ತಲೂ ಗೀಟು. ನಾನು ಅದನ್ನು ಹಿತ್ತಲಿನ ಟೈರುಗಳ ರಾಶಿಯಲ್ಲಿ ಎಲ್ಲಕ್ಕಿಂತ ಅಡಿಗೆ ಹಾಕಿದೆ. ಹುಡುಗಿ ಜೋರಾಗಿ ಹೊಡೆದು ಬಿದ್ದಳು ಎಂದು ಊರೆಲ್ಲ ಹೇಳುವಾಗ, ಕುಂಬಳಕಾಯಿ ಕಳ್ಳನ ಹಾಗೆ ನಾನು ಹೆಗಲು ಮುಟ್ಟಿಕೊಂಡೆನೇ ಹೊರತು ಬಾಯಿ ಬಿಡಲಿಲ್ಲ. ಗೌಡರ ಮನೆಯ ಜೀಪು, ಅವರ ನಂಟರಿಷ್ಟರ ಜೀಪು, ಬೆಳಗೋಡಿನ ಅರ್ಧ ಗಾಡಿಗಳು ನನ್ನ ಅಂಗಡಿಗೇ ಬರುವುದು. ಹೆದರಿದೆ.

ಖಾನ್ ಸಾಹೇಬರಿಗೆ ಗೆರೆ ತೋರಿಸಿದೆ. ಅವರು ಬಗ್ಗಿ ನೋಡಿ ತಲೆಯಾಡಿಸಿದರು. ಈ ಅಗಲ ಗಾಲಿ ಒಳಗಡೆ ಸಸ್ಪೆನ್ಷನ್ನಿನ ಕಂಬಕ್ಕೆ ತೀರ ಹತ್ತಿರ ಬರುತ್ತಿತ್ತು, ಅದಕ್ಕೇ ತೆಳುವಾದ ಒಂದು ಬಿಲ್ಲೆ ಕೊಟ್ಟು ಗಾಲಿಯನ್ನು ಹೊರಕ್ಕೆ ತಳ್ಳಿದ್ದೇವೆ ಎಂದರು. ಹೊರಕ್ಕೆ ತಳ್ಳಿದರೆ ಮಡ್‌ಗಾರ್ಡಿನ ಅಂಚು. ಅತ್ತ ದರಿ ಇತ್ತ ಪುಲಿ. ಹನ್ನೆರಡು ಸುತ್ತು ತಡೆಯುತ್ತದೆಯೇ ಎಂದು ಕೇಳಿದೆ. ಮೂರು ಸುತ್ತಿಗೆ ಏನೂ ಆಗಿಲ್ಲ, ಹನ್ನೆರಡಕ್ಕೆ ನನಗೆ ಗೊತ್ತಿಲ್ಲ, ಟೈರು ಗಟ್ಟಿಯದು, ಬಹುಶಃ ತಡೆಯುತ್ತದೆ ಎಂದರು. ಗೊತ್ತಿಲ್ಲ ಎಂಬ ಮಾತನ್ನು ಎಷ್ಟು ಸುಲಭವಾಗಿ ಹೇಳಿದರು ಆ ಮನುಷ್ಯ. ಬೇರೆಯವರ ತಲೆಗೆ ಕಟ್ಟಿಬಿಡಲು ಅವರಿಗೆ ಇನ್ನೊಂದು ದಾರಿಯೂ ಇತ್ತು: ಕಾರು ಓಡಿಸುವವರ ಇಷ್ಟ ಎನ್ನಬಹುದಿತ್ತು.

ಕಾವ್ಯ ಅಷ್ಟರಲ್ಲಿ ಮೂರನೇ ಸೆಟ್ ಎಂದು ಕಾಗದದಲ್ಲಿ ಬರೆಯುತ್ತಾ ಕೂತಿದ್ದಳು. ಸಂಜೆಯೊಳಗೆ ಕೊಡಬೇಕು. ನಾನು ಇಳಿಹೊತ್ತಿನ ಅಸರ್ ನಮಾಜು ಮಾಡಿ ಬಂದೆ. ನಮಾಜಿನಲ್ಲೂ ಆ ಗೆರೆಯೇ ಕಣ್ಣ ಮುಂದೆ. ಬಂದವನೇ ಅವಳ ಪಕ್ಕ, ಪೇರಿಸಿಟ್ಟ ಟೈರಿನ ಮೇಲೆ ಕೂತೆ.

"ಕಾವ್ಯಮ್ಮ, ಮೂರನೇದು ಬ್ಯಾಡ."

"ಯಾಕಣ್ಣ? ಎಲ್ಲಕ್ಕಿಂತ ಅದೇ ಬೇಗ ಐತಲ್ಲ."

"ಉಜ್ಜತೈತೆ. ಇಂಥ ಗೆರೆ ನಾನು ಮೊದ್ಲೂ ನೋಡಿದೀನಿ. ನಿನ್ನ ಗಾಡೀಲೇ. ನೀನು ಬೀಳೋ ಎರಡು ದಿನ ಮುಂಚೆ."

ಅವಳು ಪೆನ್ನಿನ ಮುಚ್ಚಳ ಹಾಕಿದಳು. ನಾನು ಜೀಪಿನ ಲೆಕ್ಕ, ಹಿತ್ತಲಿನ ರಾಶಿಯ ಅಡಿಯ ಟೈರು, ಎಲ್ಲವನ್ನೂ ಹೇಳಿದೆ. ಅವಳು ಬೈದಿದ್ದರೆ ಒಳ್ಳೆಯದಿತ್ತು. ಬಲಗೈ ಮಣಿಕಟ್ಟನ್ನು ಎಡಗೈಯಲ್ಲಿ ಹಿಡಿದುಕೊಂಡಳು.

"ಒಂದು ವರ್ಷದಿಂದ ನಮ್ಮಪ್ಪ ನನ್ನ ಮುಖ ನೋಡಿ ಮಾತಾಡಿಲ್ಲ, ಇಸ್ಮಾಯಿಲಣ್ಣ. ನೀವು ತಿಂಗಳಿಗೆರಡು ಸಲ ಮನೆಗೆ ಬಂದು ಕಾಫಿ ಕುಡ್ದು ಹೋಗ್ತಿದ್ರಿ."

ಅವಳು ಎದ್ದು ಹೋಗಿ ತಾನೇ ಟಾರ್ಚ್ ಹಿಡಿದು ಗೆರೆ ನೋಡಿದಳು. ಬೆರಳಿನಿಂದ ಮುಟ್ಟಿದಳು. ಆಮೇಲೆ ಕಾಗದದಲ್ಲಿ ಮೂರನ್ನು ಹೊಡೆದು ಎರಡು ಎಂದು ಬರೆದಳು.

ಮೂರನೆಯ ದಿನ

ಎರಡನೇ ಸೆಟ್ಟಿನಲ್ಲಿ ಅವಳು ಓಡಿಸಿದ್ದನ್ನು ನೋಡಿ ಖಾನ್ ಸಾಹೇಬರು ಎರಡು ಸಲ ವಾಹ್ ಎಂದರು. ಹನ್ನೆರಡು ಸುತ್ತೂ ಒಂದೇ ಹದ. ಗಾಲಿ ಹಗುರವಾದ್ದರಿಂದ ನೇರ ದಾರಿಯಲ್ಲಿ ಕಾರು ಬೇಗ ಎದ್ದು ಹೋಗುತ್ತಿತ್ತು, ತಿರುವಿನಲ್ಲಿ ಮಾತ್ರ ಒಂದಿಷ್ಟು ಕಳೆದುಕೊಳ್ಳುತ್ತಿತ್ತು. ಖಾನ್ ಸಾಹೇಬರು ಗೆರೆಯ ವಿಷಯ ಹೇಳಿದ್ದರೂ ಒಮಾನಿನ ಹುಡುಗ ಮೂರನೇ ಸೆಟ್ಟಿನಲ್ಲೇ ಇಳಿದ. ಪ್ರತಿ ಸಲ ಅವನು ಇಲ್ಲಿಯ ಉದ್ದನೆ ತಿರುವಿಗೆ ಬಂದಾಗ ನಾನು ಕಣ್ಣು ಮುಚ್ಚಿಕೊಂಡೆ. ಏನಾದರೂ ಆಗಲಿ ಎಂದು ನನ್ನೊಳಗಿನ ಒಂದು ಮೂಲೆ ಬಯಸಿತೋ ಏನೋ. ಅಲ್ಲಾಹು ನನ್ನನ್ನು ಕ್ಷಮಿಸಲಿ.

ಏನೂ ಆಗಲಿಲ್ಲ. ಅವನು ಹನ್ನೆರಡು ಸುತ್ತು ಮುಗಿಸಿದ. ಲೆಕ್ಕ ಹಾಕಿದಾಗ ಚಿಟಿಕೆ ಹೊಡೆಯುವಷ್ಟು ಹೊತ್ತಿನ ವ್ಯತ್ಯಾಸದಲ್ಲಿ ಅವನು ಮೊದಲು, ಕಾವ್ಯ ಎರಡನೆಯವಳು. ಸೀಟು ಅವನಿಗೆ ಹೋಯಿತು. ತಂಡದ ಮುಖ್ಯಸ್ಥೆ ಕಾವ್ಯಳನ್ನು ಕರೆದು, ಗಾಲಿ ಆರಿಸಿದ ಕಾರಣ ನೀನು ಹೇಳಿದಷ್ಟು ಸ್ಪಷ್ಟವಾಗಿ ಬೇರೆ ಯಾರೂ ಹೇಳಲಿಲ್ಲ, ಮುಂದಿನ ವರ್ಷವೂ ಬಾ ಎಂದರು. ಸಮಾಧಾನಕ್ಕೆ ಹೇಳಿದ್ದಲ್ಲ, ನಿಜವಾಗಿಯೂ ಹೇಳಿದ್ದು. ಆದರೆ ಮುಂದಿನ ವರ್ಷಕ್ಕೆ ಬರಲು ಕೀಲಿ ಬೀರುವಿನಿಂದ ಆಚೆ ಬರಬೇಕಲ್ಲ.

ಎಲ್ಲರೂ ಅವನನ್ನು ಅಪ್ಪಿಕೊಳ್ಳುತ್ತಿದ್ದಾಗ ನಾನು ಹೋಗಿ ಅವನ ಕಾರಿನ ಎಡ ಮುಂದಿನ ಟೈರು ನೋಡಿದೆ. ಪಕ್ಕದಲ್ಲಿ ಒಂದು ಗೀಟು ಬಿದ್ದಿತ್ತು. ಗೀಟು ಅಷ್ಟೇ, ಸೀಳಿಲ್ಲ. ಇನ್ನೂ ಹತ್ತು ಸುತ್ತು ತಡೆಯುತ್ತಿತ್ತೋ, ಒಂದಕ್ಕೇ ಹೋಗುತ್ತಿತ್ತೋ, ಮುಂಗೈಗೂ ತಿಳಿಯಲಿಲ್ಲ, ಖಾನ್ ಸಾಹೇಬರಿಗೂ ತಿಳಿಯಲಿಲ್ಲ. ನನ್ನ ಮಾತಿನಿಂದ ಅವಳು ಉಳಿದಳೋ, ನನ್ನ ಮಾತಿನಿಂದಲೇ ಸೋತಳೋ, ಇವತ್ತಿಗೂ ನಾನು ಹೇಳಲಾರೆ.

ಬೆಳಗೋಡು

ವಿಮಾನದಲ್ಲಿ ಕಾವ್ಯ ನನ್ನ ಜೊತೆ ಊಟದ ತಟ್ಟೆ ದಾಟಿಸುವಷ್ಟು ಮಾತ್ರ ಮಾತಾಡಿದಳು. ಮಂಗಳೂರಿನಿಂದ ಘಾಟಿ ಹತ್ತುವಾಗಲೂ ಕಿಟಕಿ ಕಡೆಗೇ ಮುಖ. ದೋಣಿಗಲ್‌ನಲ್ಲಿ ಟೀಗೆ ಇಳಿದಾಗ, ಮೊದಲ ಸಲ ನನ್ನ ಕಡೆ ತಿರುಗಿ, ಅಪ್ಪನಿಗೆ ನೀವೇ ಹೇಳಬೇಕು, ನಾನು ಹೇಳಿದರೆ ನೆಪ ಅನ್ನುತ್ತಾರೆ ಎಂದಳು. ಭಾನುವಾರ ಹಾಸನದವರು ಕಾರು ನೋಡಲು ಬರುವವರಿದ್ದರು. ಅಂದು ಶುಕ್ರವಾರ.

ನಾನು ಮನೆಗೆ ಹೋಗಲಿಲ್ಲ. ಅಂಗಡಿಯ ಹಿತ್ತಲಿಗೆ ಹೋಗಿ, ರಾಶಿ ಕೆಡವಿ, ಆ ಟೈರನ್ನು ಹುಡುಕಿ ತೆಗೆದೆ. ಅದನ್ನು ಹೊತ್ತುಕೊಂಡೇ ಬೆಳಗೋಡಿಗೆ ಹೋದೆ.

ಗೌಡರು ಕಣದಲ್ಲಿ ಹರಡಿದ ಮೆಣಸನ್ನು ಕಾಲಿನಲ್ಲಿ ಆಡಿಸುತ್ತಿದ್ದರು. ಕಾವ್ಯ ಜಗಲಿಯ ಕಂಬಕ್ಕೆ ಒರಗಿ ನಿಂತಿದ್ದಳು. ಸೋತ ಸುದ್ದಿ ಅವಳು ಹೇಳಿ ಆಗಿತ್ತು. ನಾನು ಟೈರನ್ನು ಕಣದ ಅಂಚಿಗೆ ಇಟ್ಟು, ಗೀಟು ತೋರಿಸಿ, ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಗೌಡರು ಮೆಣಸು ಆಡಿಸುವುದನ್ನು ನಿಲ್ಲಿಸಲಿಲ್ಲ. ಆ ತುದಿಗೆ ಹೋಗಿ, ತಿರುಗಿ ಬಂದು, ನನ್ನ ಎದುರು ನಿಂತರು.

"ಅಂದ್ರೆ, ಅವ್ಳು ಜೋರಾಗಿ ಹೊಡ್ದು ಬಿದ್ದಿದ್ದಲ್ಲ ಅಂತೀಯ?"

"ಜೋರಾಗೇ ಹೊಡ್ದಿದ್ಲು ಗೌಡ್ರೇ. ಜೋರಾಗಿ ಹೊಡಿಯಕ್ಕೇ ಅಲ್ಲಿಗೆ ಹೋಗೋದು. ಬಿದ್ದಿದ್ದು ನನ್ನಿಂದ."

ಅವರು ಬಗ್ಗಿ ಆ ಗೀಟಿನ ಮೇಲೆ ಹೆಬ್ಬೆರಳು ಆಡಿಸಿದರು. ಸುತ್ತು ಪೂರ್ತಿ ಮುಗಿಯುವವರೆಗೆ ಆಡಿಸಿದರು.

"ಇದನ್ನ ಹೇಳಕ್ಕೆ ಒಂದು ವರ್ಷ ಬೇಕಾಯ್ತೇನೋ ಮಾರಾಯ ನಿಂಗೆ? ಇನ್ಮೇಲೆ ನನ್ನ ಜೀಪು ನಿನ್ನ ಅಂಗಡಿಗೆ ಬರಲ್ಲ. ಹೋಗು."

ನಾನು ಹೊರಟೆ. ಗೇಟಿನ ಹತ್ತಿರ ಹೋಗಿ ತಿರುಗಿ ನೋಡಿದರೆ ಗೌಡರು ಒಳಗೆ ಹೋಗಿ ಬಂದಿದ್ದರು. ಜಗಲಿಯ ಮೇಲೆ ಮಗಳ ಎದುರು ನಿಂತಿದ್ದರು. ಏನು ಹೇಳಿದರೋ ನನಗೆ ಕೇಳಿಸಲಿಲ್ಲ. ಹೇಳುವಾಗ ಅವಳ ಮುಖವನ್ನೇ ನೋಡುತ್ತಿದ್ದರು, ಅದು ಕಾಣಿಸಿತು.

ಸಕಲೇಶಪುರ

ಭಾನುವಾರ ಬೆಳಗ್ಗೆ ಅಂಗಡಿ ತೆಗೆಯುತ್ತಿದ್ದಾಗ ಆ ಸಣ್ಣ ಕಾರು ಹೆದ್ದಾರಿಯಿಂದ ನಿಧಾನವಾಗಿ ಒಳಕ್ಕೆ ಬಂತು. ವರ್ಷದಿಂದ ನಿಂತೇ ಇದ್ದು ನಾಲ್ಕೂ ಟೈರು ಅರ್ಧ ಕೂತುಹೋಗಿದ್ದವು. ಕಾವ್ಯ ಇಳಿದು, ಹದಿನೇಳು ತೆಗೆದು ಮೊದಲಿನ ಹದಿನೈದು ಹಾಕಿ ಎಂದಳು. ಹಾಸನದವರಿಗೆ ಬರಬೇಡಿ ಎಂದು ಅಪ್ಪ ಫೋನು ಮಾಡಿದರು ಎಂದಳು. ಅಷ್ಟೇ ಹೇಳಿದ್ದು. ಗೌಡರ ಜೀಪು ಇವತ್ತಿಗೂ ಬೇರೆ ಅಂಗಡಿಗೆ ಹೋಗುತ್ತಿದೆ, ಅದರ ಹಿಂದೆ ಇನ್ನೂ ನಾಲ್ಕಾರು ಜೀಪು ಹೋದವು. ಹೋಗಲಿ. ಉಳಿದ ಜೀಪುಗಳಿಗೆ ಈಗ ನಾನು ಅಳತೆ ಮೀರಿದ ಟೈರು ಹಾಕುವುದಿಲ್ಲ, ಜಾಗ ಮಾಡಿಕೊಳ್ಳುತ್ತದೆ ಬಿಡಿ ಸಾಬ್ರೇ ಎಂದು ಜಗಳಕ್ಕೆ ಬಂದರೂ ಹಾಕುವುದಿಲ್ಲ.

ಹದಿನೈದು ಇಂಚಿನವನ್ನು ಕೂರಿಸಿ, ಗಾಳಿಯ ಪೈಪು ಕೈಗೆ ತಗೊಂಡು, ಇಳಿತೀಯೋ ಹತ್ತೀಯೋ ಎಂದು ಕೇಳಿದೆ. ಇಳಿತೀನಿ ಎಂದಳು. ಎರಡು ಪೌಂಡು ಕಮ್ಮಿ ಹೊಡೆದೆ.

ಮುಗಿದ ಮೇಲೆ ಅವಳು ಕೈ ಚಾಚಿದಳು. ಅಬ್ಬಾನ ಹಿತ್ತಾಳೆ ಗೇಜು ಕೊಟ್ಟೆ. ಒಂದೊಂದೇ ಟೈರಿನ ಹತ್ತಿರ ಕೂತು ನಾಲ್ಕನ್ನೂ ಮತ್ತೆ ಅಳೆದಳು. ಆಮೇಲೆ ಮುಂದಿನ ಗಾಲಿಯ ಪಕ್ಕ ಬಗ್ಗಿ, ಮಡ್‌ಗಾರ್ಡಿನೊಳಗೆ ನೋಡಲು ಹೋದಳು. ಒಳಗೆ ಕತ್ತಲೆ ಇತ್ತು. ನಾನು ಅವಳ ಪಕ್ಕ ಮಂಡಿಯೂರಿ ಟಾರ್ಚ್ ಹಿಡಿದೆ.